ಗೌಡರ ಕಣಜದ ತಾಲೀಮು

ಆಳಂದ ಸೀಮೆಯ ನಮ್ಮೂರ ಸಾಲಿಗೆ ತಾಲೀಮು, ಅಂದರೆ ಗರಡಿಮನೆ, ಮಾಡಿಕೊಟ್ಟವರು ಗೌಡರು ಎಂಬುದು ಊರಿಗೆಲ್ಲ ಗೊತ್ತು. ಹೇಗೆ ಕೊಟ್ಟರು ಎಂಬುದನ್ನು ಮಾತ್ರ ನಮ್ಮ ಮುತ್ಯಾನೇ ಹೇಳಬೇಕು. ಸೀತನಿ ಸುಡುವ ದಿನಗಳಲ್ಲಿ, ಹೊಲದಲ್ಲಿ ಕುಳ್ಳಿನ ಬೆಂಕಿಯ ಸುತ್ತ ಕೂತಾಗ, ಬಿಸಿ ತೆನೆ ತಿಕ್ಕುತ್ತಲೇ ಆತ ಕತೆ ತೆಗೆಯುತ್ತಿದ್ದ.

“ಆಗ ದಂಡ ಹೊಡಿಲಾಕೂ ಸರ್ಕಾರದ ಪರವಾನಗಿ ಬೇಕಿತ್ತು ತಮ್ಮಾ.”

ಇದೇನೂ ಮುತ್ಯಾನ ಒಗ್ಗರಣೆಯಲ್ಲ. ನಿಜಾಮರ ರಾಜ್ಯದಲ್ಲಿ ಖಾಸಗಿ ಶಾಲೆ ತೆರೆಯುವುದಕ್ಕೂ ಅಖಾಡ ನಡೆಸುವುದಕ್ಕೂ ಅಪ್ಪಣೆ ಬೇಕಿತ್ತು. 1939ರಲ್ಲಿ ಆರ್ಯ ಸಮಾಜದವರು ಸತ್ಯಾಗ್ರಹ ಹೂಡಿದಾಗ ಅವರ ತಕರಾರುಗಳಲ್ಲಿ ಇದೂ ಒಂದು. ಅದರ ಮುಂದಾಳು ನಾರಾಯಣ ಸ್ವಾಮಿ ಸೆರೆಯಾದದ್ದು ನಮ್ಮ ಕಲಬುರಗಿಯಲ್ಲೇ.

ಗೌಡರು ಶರಣಬಸವೇಶ್ವರರ ಒಕ್ಕಲು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಗೆ ಬಂದು ದಾಸೋಹ ನಡೆಸಿದ ಶರಣರು ಅವರು. ಆ ಶರಣರ ಪೀಠದ ದೊಡ್ಡಪ್ಪ ಅಪ್ಪ 1934ರಲ್ಲಿ, ಉರ್ದುವೇ ಆಳುತ್ತಿದ್ದ ಕಾಲದಲ್ಲಿ, ಹೆಣ್ಣುಮಕ್ಕಳಿಗಾಗಿ ಮಹಾದೇವಿ ಕನ್ಯಾ ಶಾಲೆ ತೆರೆದರು. ಗೌಡರ ಮನಸ್ಸಿಗೆ ಅದು ನಾಟಿತ್ತು. “ಅಪ್ಪನೋರು ಸಾಲಿನೇ ತೆಗದಾರ, ನಾ ಹುಡುಗರಿಗೆ ನಾಕು ಬಂಡಿ ಮಣ್ಣರ ಹಾಕಬ್ಯಾಡೇನು?” ಅಂದರಂತೆ.

ಮಣ್ಣಿನ ಮಾತು ಸುಮ್ಮನಲ್ಲ. ನಮ್ಮದು ಎರೆ ಭೂಮಿ. ಹಸಿಯಾದರೆ ಮೈಗೆ ಮೆತ್ತುತ್ತದೆ, ಒಣಗಿದರೆ ಬಿರಿಯುತ್ತದೆ. ಅದರಲ್ಲಿ ಕುಸ್ತಿ ಆಡಲಾಗದು. ಕೆಮ್ಮಣ್ಣನ್ನು ದೂರದಿಂದ ಬಂಡಿಯಲ್ಲಿ ತರಬೇಕು, ಜರಡಿ ಹಿಡಿಯಬೇಕು, ಎಣ್ಣೆ, ಮಜ್ಜಿಗೆ, ಅರಿಶಿಣ, ನಿಂಬೆರಸ ಸುರಿದು ದಿನಗಟ್ಟಲೆ ಹದ ಮಾಡಬೇಕು. ಎಣ್ಣೆ ಗಾಣದವರದು, ಮಜ್ಜಿಗೆ ಮನೆಮನೆಯದು. ಗೌಡರು ತಮ್ಮ ಕಣಜದ ಮನೆಯನ್ನೇ ಬರಿದು ಮಾಡಿಕೊಟ್ಟರು. ಮೂಲೆಯಲ್ಲಿ ಹನುಮಪ್ಪನ ಪಟ, ಒಂದು ಜೋಡಿ ಮುದ್ಗರ. ವಸ್ತಾದ ಅಫಜಲಪುರ ಕಡೆಯವನು, ಮುಸಲ್ಮಾನ. ಮಣ್ಣಿಗಿಳಿಯುವ ಮುಂಚೆ ಆತನೂ ಹನುಮಪ್ಪನಿಗೆ ಕೈ ಮುಗಿಯುತ್ತಿದ್ದ. ಸಾಲಿ ಬಿಟ್ಟ ಮೇಲೆ ಮಾಸ್ತರರೇ ಹುಡುಗರನ್ನು ಅಲ್ಲಿಗೆ ಅಟ್ಟುತ್ತಿದ್ದರು. ಪರವಾನಗಿಗೆ ಗೌಡರು ಉರ್ದುವಿನಲ್ಲಿ ಅರ್ಜಿ ಬರೆಸಿ ಸಹಿ ಹಾಕಿದ್ದರು. ನನ್ನ ಕೇಳಿದರೆ ದೊಡ್ಡ ದಾನ ಆ ಸಹಿಯೇ. ಕಣಜ ಹೋದರೆ ಇನ್ನೊಂದು ಕಟ್ಟಿಸಬಹುದಿತ್ತು.

1947ರ ಚಳಿಗಾಲ. ರಜಾಕಾರರ ಹಾವಳಿಗೆ ಹೆದರಿ ಜನ ಗಡಿಯಾಚೆ ದುಧನಿ ಕಡೆ ಗಂಟು ಕಟ್ಟುತ್ತಿದ್ದ ಹೊತ್ತು. ಒಂದು ಸಂಜೆ ಪೊಲೀಸ್ ಅಮೀನ್ ಸಾಹೇಬರು ಕುದುರೆ ಏರಿ ನೆಟ್ಟಗೆ ಕಣಜದ ಮುಂದೆಯೇ ಬಂದು ಇಳಿದರು. ಒಳಗೆ ಲಂಗೋಟಿಯ ಹುಡುಗರು.

“ಇದೇನ್ ನಡದದ ಗೌಡ್ರ?”

“ಹಮಾಲರ ಹುಡುಗರ್ರಿ ಸಾಹೇಬ್ರ. ಜ್ವಾಳದ ಚೀಲ ಎತ್ತಲತಾರ.”

“ಎಲ್ಲಿ, ಎತ್ತಲಿ ನೋಡಮ್.”

ಗೌಡರು ನಮ್ಮ ಮುತ್ಯಾನ ಕಡೆ ನೋಡಿದರು. ಆತ ತುಂಬಿದ ಚೀಲ ಹೆಗಲಿಗೇರಿಸಿ ಅಂಗಳ ಸುತ್ತಿದ. ಎಷ್ಟು ಸುತ್ತು ಎಂಬುದು ವರ್ಷಕ್ಕೊಂದು ಲೆಕ್ಕ. ಚೀಲದ ತೂಕವೂ ಕತೆ ಹೇಳಿದಂತೆಲ್ಲ ಏರುತ್ತಿತ್ತು. ನಾವು ನಕ್ಕರೆ ಸಿಟ್ಟು ಬರುತ್ತಿತ್ತು. ಅಮೀನರು ಬಹಳ ಹೊತ್ತು ನೋಡಿದರಂತೆ. ಕೊನೆಗೆ, “ಹಮಾಲಿಗೆ ಮೈಗೆಲ್ಲ ಎಣ್ಣಿ ಯಾಕ?” ಎಂದಷ್ಟೇ ಕೇಳಿ, ಜವಾಬಿಗೆ ಕಾಯದೆ ಕುದುರೆ ಹತ್ತಿದರು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರು ಶರಣಾದರು. ಗೌಡರು ಕಣಜವನ್ನೂ ಹಿತ್ತಲನ್ನೂ ಸಾಲಿಯ ಹೆಸರಿಗೆ ಬರೆದುಕೊಟ್ಟರು. ಈಗ ಅಲ್ಲಿ ಆರ್‌ಸಿಸಿ ಕೋಣೆ ಎದ್ದಿದೆ. ಅಂಗಳದಲ್ಲಿ ಅನುದಾನದ ಕಬ್ಬಿಣದ ಸಲಕರಣೆ ನಿಂತಿದೆ, ಹೆಚ್ಚಾಗಿ ಬಟ್ಟೆ ಒಣಹಾಕಲು ಒದಗುತ್ತದೆ.

“ಮತ್ತ ಆ ಅರ್ಜಿ ಏನಾತು ಮುತ್ಯಾ?” ಎಂದು ನಾವು ಬೇಕೆಂದೇ ಕೇಳುತ್ತಿದ್ದೆವು.

“ಕೊಟ್ಟೇವಲ್ಲ,” ಎನ್ನುತ್ತಿದ್ದ, ಬಾಯಿಗೆ ಸೀತನಿ ಎಸೆದುಕೊಳ್ಳುತ್ತ. “ಜವಾಬ ಇನ್ನಾ ಬಂದಿಲ್ಲ.”