ಮೂರನೆಯ ತಂತಿ

ಮಠದ ಪಾಠಶಾಲೆಯಲ್ಲಿ ಕಂದೀಲಿನ ಸುತ್ತ ಕುಳಿತು ವ್ಯಾಕರಣ ಕಲಿತ ನನಗೆ ವಿದ್ಯುತ್ತೆಂದರೆ ಗುಂಡಿ ಒತ್ತಿದೊಡನೆ ಬೆಳಗುವ ವಸ್ತು, ಅಷ್ಟೆ. 1991ರಲ್ಲಿ ಮನೆ ಕಟ್ಟಿಸುವಾಗ ಖರ್ಚು ಉಳಿಸಲೆಂದು "ಎರಡು ತಂತಿ ಸಾಕು" ಎಂದವನು ನಾನೇ.

2023ರ ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಹಿಟ್ಟು ರುಬ್ಬುತ್ತಿದ್ದ ನನ್ನ ಮನೆಯವರು ಚೀರಿದರು. ಕೈ ಒದ್ದೆ, ಗ್ರೈಂಡರಿನದು ಲೋಹದ ಮೈ. ಶಿವನ ದಯೆಯಿಂದ ಕೈ ಬಿಡಿಸಿಕೊಂಡರು. ಮರುದಿನ ವಿದ್ಯುತ್ ಕೆಲಸದವನು ಸಾಕೆಟ್ ಬಿಚ್ಚಿ ತೋರಿಸಿದ: ಮುಂದೆ ಮೂರು ರಂಧ್ರ, ಹಿಂದೆ ಎರಡೇ ತಂತಿ! ಭೂಮಿಗೆ ಸೇರಬೇಕಾದ ಮೂರನೆಯದು ಇರಲೇ ಇಲ್ಲ. ಮೂವತ್ತೆರಡು ವರ್ಷ ನಾವು ನಂಬಿದ್ದು ಬರಿಯ ತೋರಿಕೆಯನ್ನು. ಅಂದು ನಾನು ಊಟ ಮಾಡಲಾರದಾದೆ.

ಮನೆಯ ತಂತಿಗಳನ್ನೆಲ್ಲ ಹೊಸದಾಗಿ ಹಾಕಿಸಲು ನಿಶ್ಚಯಿಸಿ ನಾನೇ ನಕ್ಷೆ ಬರೆದೆ: ಓದುವ ಕೋಣೆಗೆ ಐದು ಸಾಕೆಟ್ಟು, ಅಡುಗೆಮನೆಗೆ ಎರಡು. ಸೊಸೆ ನೋಡಿ, "ಮಾವಯ್ಯ, ಒಮ್ಮೆ ಅಡುಗೆಕಟ್ಟೆಯ ಮುಂದೆ ನಿಂತು ನೋಡಿ" ಎಂದಳು. ನಿಂತೆ. ನಡುಛಾವಣಿಯ ದೀಪ ಬೆನ್ನ ಹಿಂದಿತ್ತು. ನನ್ನ ನೆರಳೇ ಈಳಿಗೆಮಣೆಯ ಮೇಲೆ ಬಿದ್ದಿತ್ತು. ಪೂಜೆಗೆ ಕುಳಿತಾಗ ಕರಸ್ಥಲದ ಮೇಲೆ ನೆರಳು ಬೀಳದಂತೆ ದೀಪವನ್ನು ಪಕ್ಕಕ್ಕೆ ಸರಿಸಿಕೊಂಡಿದ್ದ ನಾನು, ಆಕೆಯ ಕಾಯಕದ ಮೇಲೆ ಬೀಳುವ ನೆರಳನ್ನು ಕಂಡಿರಲಿಲ್ಲ.

ಆಮೇಲೆ ಗೋಡೆ ಕೊರೆಯುವ ಮೊದಲೇ ಎಲ್ಲರೂ ಸೀಮೆಸುಣ್ಣ ಹಿಡಿದು ಮನೆಯಲ್ಲಿ ನಡೆದಾಡಿದೆವು. ಕಟ್ಟೆಯ ಮೇಲಿನ ಕಪಾಟಿನಡಿ ದೀಪ. ನೀರಿನ ತೊಟ್ಟಿಯಿಂದ ದೂರ ಸಾಕೆಟ್ಟುಗಳು. ಬಚ್ಚಲಿಗೆ ಹೋಗುವ ಓಣಿಯ ಎರಡೂ ತುದಿಗಳಲ್ಲಿ ಒಂದೇ ದೀಪದ ಸ್ವಿಚ್ಚು. ದೀಪಗಳಿಗೆ 1.5, ಸಾಮಾನ್ಯ ಸಾಕೆಟ್ಟುಗಳಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ. ಎಲ್ಲೆಡೆ ಹಸಿರು ಬಣ್ಣದ ಭೂತಂತಿ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಭೂಮಿಯ ಕಡ್ಡಿ ಉದ್ದವಾಗಿರುವುದು ಅದು ಮೊದಲು ತಾಗಿ ಕಡೆಗೆ ಬಿಡಲೆಂದು ಎಂಬುದನ್ನೂ ಆಗಲೇ ತಿಳಿದೆ.

ಎಂ.ಸಿ.ಬಿ. ತಂತಿಯನ್ನು ಅತಿಭಾರದಿಂದ ಕಾಯುತ್ತದೆ. ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಬೇಕು. ಹೋದ ವಿದ್ಯುತ್ತು ಅಷ್ಟೇ ಮರಳದೆ ಸೋರಿದರೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಪರೀಕ್ಷೆಯ ಗುಂಡಿಯನ್ನು ಪ್ರತಿ ಅಮಾವಾಸ್ಯೆಗೆ ನಾನೇ ಒತ್ತುತ್ತೇನೆ.

ಗೃಹಸ್ಥ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಬಣ್ಣ, ಹಾಸುಗಲ್ಲುಗಳನ್ನು ಆರಿಸುವ ಮುನ್ನ ಬಲ್ಲವರಿಂದ ಒಂದು ಸಾಕೆಟ್ಟನ್ನಾದರೂ ಬಿಚ್ಚಿಸಿ, ಹಿಂದೆ ಎಷ್ಟು ತಂತಿಗಳಿವೆ ಎಂದು ನೋಡಿರಿ.