ಬೀಗಿತ್ತಿಯ ಭರಣಿ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದ್ದಳು. ಅವಳ ಮಕ್ಕಳಿಗೆ ಈಗ ಕೊರಿಯಾದ ಧಾರಾವಾಹಿಗಳ ಹುಚ್ಚಂತೆ. ದಿನವೂ ಕಿಮ್ಚಿಗಾಗಿ ಪೀಡಿಸುತ್ತಾರಂತೆ. “ಸಾರ್, ನೀವು ಆ ದೇಶಕ್ಕೆ ಹೋಗಿಬಂದವರು. ಮೀನು ಹಾಕದೆ ಅದನ್ನು ಮಾಡುವುದು ಹೇಗೆಂದು ಬರೆಯಿರಿ” ಎಂದಳು. ಮೂವತ್ತಾರು ವರ್ಷ ವಿಜ್ಞಾನ ಪಾಠ ಹೇಳಿದವನಿಗೆ ಅಡುಗೆಮನೆಯಲ್ಲಿ ಕಾಫಿ ಕಾಸುವುದರಾಚೆ ಏನೂ ತಿಳಿಯದು. ಆದರೂ ಒಪ್ಪಿಕೊಂಡೆ. ಬರೆಯಲು ಕುಳಿತಾಗ, ವಿಧಾನಕ್ಕಿಂತ ಮೊದಲು ಹೇಳಬೇಕಾದದ್ದು ಬೇರೊಂದಿದೆ ಎನ್ನಿಸಿತು.

ದೇಜಾನ್ ನಗರದಲ್ಲಿ ಸಂಶೋಧನೆ ಮಾಡುತ್ತಿದ್ದ ನನ್ನ ಮಗಳು 2014ರಲ್ಲಿ ಅಲ್ಲಿಯ ಸಹೋದ್ಯೋಗಿಯನ್ನೇ ಮದುವೆಯಾದಳು. ನಾನು ಹೋಗಲಿಲ್ಲ. ಹೋಗಬೇಕೆಂದು ಹಂಬಲಿಸಿದ ನನ್ನ ಹೆಂಡತಿಯನ್ನೂ ಕಳಿಸಲಿಲ್ಲ. ಮನುಷ್ಯರ ನಡುವೆ ಗೋಡೆ ಸಲ್ಲದೆಂದು ತರಗತಿಯಲ್ಲಿ ನಿಮಗೆಲ್ಲ ಉಪದೇಶಿಸಿದವನು ನಾನೇ. ಕೇಳಿದವರಿಗೆ ಒಂದೇ ಕಾರಣ ಹೇಳುತ್ತಿದ್ದೆ: “ಮೀನು, ಮಾಂಸದ ಮನೆಯಲ್ಲಿ ಹುಡುಗಿ ಏನು ತಿಂದು ಬದುಕುತ್ತಾಳೆ?” 2017ರ ಆಗಸ್ಟಿನಲ್ಲಿ ಹೆಂಡತಿ ತೀರಿಕೊಂಡಳು. ಕ್ರಿಯೆಗೆಂದು ಬಂದ ಮಗಳು ಹೊರಡುವಾಗ, “ಅಪ್ಪಾ, ನೀನಾದರೂ ಒಮ್ಮೆ ಬಾ” ಎಂದಳು. ಆ “ನೀನಾದರೂ” ಎಂಬ ಮಾತು ಒಂದು ವರ್ಷ ನನ್ನನ್ನು ಕೊರೆಯಿತು. 2018ರ ನವೆಂಬರಿನಲ್ಲಿ, ಹೆಂಡತಿ ಹಾಕಿಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯಲ್ಲಿ ಉಳಿದಿದ್ದ ಕೊನೆಯ ಬಾಟಲಿಯನ್ನು ಕಟ್ಟಿಕೊಂಡು ವಿಮಾನ ಹತ್ತಿದೆ.

ಬೀಗರ ಮನೆ ಇದ್ದದ್ದು ನೈಋತ್ಯ ಭಾಗದ ಜಿಯೊಲ್ಲಾ ಸೀಮೆಯ ಒಂದು ಹಳ್ಳಿಯಲ್ಲಿ. ನಮ್ಮ ‘ಬೀಗರು’ ಎಂಬುದಕ್ಕೆ ಸರಿಸಾಟಿಯಾಗಿ ಅವರಲ್ಲಿ ‘ಸಾದೊನ್’ ಎಂಬ ಪದವಿದೆ. ಹಿತ್ತಲಿನಲ್ಲಿ ಕಂದುಬಣ್ಣದ ಮಣ್ಣಿನ ಭರಣಿಗಳ ಸಾಲು. ಅವರ ಅಡುಗೆಯ ಮೂಲದ್ರವ್ಯವೆಲ್ಲ ಅಲ್ಲಿಯೇ. ಸೋಯಾ ಅವರೆಯನ್ನು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ತಟ್ಟಿ, ಭತ್ತದ ಹುಲ್ಲಿನಲ್ಲಿ ಕಟ್ಟಿ ತೂಗುಹಾಕುತ್ತಾರೆ. ಅದು ಬೂಷ್ಟು ಹಿಡಿದು ಒಣಗಿದ ಮೇಲೆ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಬಸಿದ ಕಪ್ಪು ರಸ ‘ಗಾಂಜಾಂಗ್’, ಅಂದರೆ ಸೋಯಾ ಸಾಸ್. ಉಳಿದ ಮುದ್ದೆ ‘ದೋಯೆಂಜಾಂಗ್’. ಅದೇ ಅವರೆಯ ಪುಡಿಗೆ ಅಂಟಕ್ಕಿ, ಮೆಣಸಿನಪುಡಿ ಸೇರಿಸಿ ಹುದುಗಿಸಿದರೆ ‘ಗೋಚುಜಾಂಗ್’. ಈ ಮೂರು ಮನೆಯಲ್ಲಿದ್ದರೆ ಗೃಹಿಣಿಗೆ ಚಿಂತೆಯಿಲ್ಲ.

ಮೊದಲ ರಾತ್ರಿ ಊಟಕ್ಕೆ ಕುಳಿತೆವು. ಪ್ರತಿಯೊಬ್ಬರ ಮುಂದೆ ಎಡಕ್ಕೆ ಅನ್ನ, ಬಲಕ್ಕೆ ಸಾರು. ನಡುವೆ ಎಲ್ಲರಿಗೂ ಸೇರಿದ ವ್ಯಂಜನಗಳ ಪುಟ್ಟ ಬಟ್ಟಲುಗಳು. ಹಿರಿಯರು ಚಮಚ ಎತ್ತುವವರೆಗೆ ಕಿರಿಯರು ಎತ್ತುವುದಿಲ್ಲ. ಬೀಗಿತ್ತಿಯವರು ಕೆಂಪಾದ ಕಿಮ್ಚಿಯ ಬಟ್ಟಲೊಂದನ್ನು ನನ್ನತ್ತ ಸರಿಸಿದರು. ಕಿಮ್ಚಿಗೆ ಉಪ್ಪುಹಾಕಿದ ಸಿಗಡಿ, ಮೀನಿನ ರಸ ಸೇರಿಸುತ್ತಾರೆಂದು ಓದಿಕೊಂಡೇ ಹೋಗಿದ್ದ ನಾನು ಅದನ್ನು ಹಿಂದಕ್ಕೆ ಸರಿಸಿ, ನನ್ನ ಬಾಟಲಿಯ ಮಿಡಿಯೊಂದಿಗೆ ಬರೀ ಅನ್ನ ಉಂಡೆ. ಆ ತಾಯಿ ಏನೂ ಹೇಳಲಿಲ್ಲ. ಮಗಳು ತಲೆ ಎತ್ತಲಿಲ್ಲ.

ಮರುದಿನ ‘ಕಿಮ್ಜಾಂಗ್’. ಚಳಿಗಾಲಕ್ಕೆಂದು ನೆರೆಹೊರೆಯವರೆಲ್ಲ ಕೂಡಿ ಕಿಮ್ಚಿ ಹಾಕಿ ಹಂಚಿಕೊಳ್ಳುವ ಈ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ. ಹಿಂದಿನ ದಿನವೇ ಚೀನೀ ಎಲೆಕೋಸನ್ನು ಸೀಳಿ, ಎಲೆಯೆಲೆಯ ನಡುವೆ ಕಲ್ಲುಪ್ಪು ಉದುರಿಸಿ ಇಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಬೆಟ್ಟದಂತಿದ್ದ ರಾಶಿ ತನ್ನದೇ ನೀರಿನಲ್ಲಿ ಕುಸಿದಿತ್ತು. ಆಸ್ಮಾಸಿಸ್ ಪಾಠದಲ್ಲಿ ಆಲೂಗಡ್ಡೆಯನ್ನು ಉಪ್ಪುನೀರಿನಲ್ಲಿ ಬಾಡಿಸಿ ತೋರಿಸಿದ್ದು ನಿಮಗೆ ನೆನಪಿರಬಹುದು. ಉತ್ಸಾಹ ತಡೆಯದೆ, ಉಪ್ಪು ಎಷ್ಟು ಪ್ರಮಾಣವೆಂದು ಮಗಳ ಮೂಲಕ ಕೇಳಿಸಿದೆ. ಬೀಗಿತ್ತಿಯವರು ನಕ್ಕು ಒಂದೇ ಪದ ಹೇಳಿದರು: “ಜೊಕ್ತಾಂಗ್‌ಹಿ.” ಹದವಾಗಿ, ತಕ್ಕಷ್ಟು ಎಂದರ್ಥ. ನನ್ನ ಹೆಂಡತಿಯೂ ಮಿಡಿಗೆ ಉಪ್ಪು ಬೆರೆಸುವಾಗ ಇದನ್ನೇ ಹೇಳುತ್ತಿದ್ದಳು. “ಇದೆಂಥ ಅಳತೆ!” ಎಂದು ನಾನು ಅವಳನ್ನು ಹಾಸ್ಯ ಮಾಡುತ್ತಿದ್ದೆ.

ದೊಡ್ಡ ತೊಟ್ಟಿಯಲ್ಲಿ ಸಿಗಡಿ, ಮೀನಿನ ರಸ ಬೆರೆಸಿದ ಮಸಾಲೆ ಸಿದ್ಧವಾಗುತ್ತಿತ್ತು. ಆದರೆ ಅದನ್ನು ಮುಟ್ಟುವ ಮೊದಲೇ ಬೀಗಿತ್ತಿಯವರು ಕೈತೊಳೆದು, ಪಕ್ಕಕ್ಕೆ ಹೋಗಿ, ಬೇರೊಂದು ಚಿಕ್ಕ ಬೋಗುಣಿಯಲ್ಲಿ ಬೇರೆಯೇ ಮಸಾಲೆ ಕಲೆಸತೊಡಗಿದರು. ಆರು ಗಡ್ಡೆ ಕೋಸಿಗೆ ಅದನ್ನು ಸವರಿ, ನೀಲಿ ಬಟ್ಟೆ ಕಟ್ಟಿದ ಪುಟ್ಟ ಭರಣಿಯಲ್ಲಿ ತುಂಬಿದರು.

“ಅದು ನನ್ನ ಪಾಲಿನದು, ಅಪ್ಪಾ” ಎಂದಳು ಮಗಳು. “ಮದುವೆಯಾದ ವರ್ಷವೇ ಅತ್ತೆ ಹತ್ತಿರದ ದೇವಾಲಯದ ಬೌದ್ಧ ಭಿಕ್ಷುಣಿಯರ ಬಳಿ ಹೋಗಿ ಕಲಿತು ಬಂದರು. ಪ್ರತಿವರ್ಷ ಮೊದಲು ಇದನ್ನು ಮುಗಿಸಿಯೇ ಉಳಿದದ್ದಕ್ಕೆ ಕೈಹಾಕುವುದು. ನಿನ್ನೆ ನೀನು ಹಿಂದಕ್ಕೆ ಸರಿಸಿದ್ದು ಈ ಭರಣಿಯದೇ.”

ನಾನು ಊರಿನಲ್ಲಿ ಕುಳಿತು “ಏನು ತಿಂದು ಬದುಕುತ್ತಾಳೆ” ಎಂದು ಹೇಳಿಕೊಂಡು ತಿರುಗುತ್ತಿದ್ದ ಆ ನಾಲ್ಕೂ ವರ್ಷ, ನಾನು ಮುಖವನ್ನೂ ನೋಡಲೊಪ್ಪದ ಹೆಂಗಸೊಬ್ಬಳು ನನ್ನ ಮಗಳ ನೇಮವನ್ನು ಕಾಪಾಡಿದ್ದಳು. ಇದನ್ನು ಕೇಳಿ ನೆಮ್ಮದಿಯಿಂದ ಕಣ್ಣುಮುಚ್ಚಬಹುದಾಗಿದ್ದವಳು ಹೋಗಿಯಾಗಿತ್ತು.

ಆ ಮಧ್ಯಾಹ್ನ ಕೆಲಸಕ್ಕೆ ಬಂದವರಿಗೆ ಸಂಪ್ರದಾಯದಂತೆ ಬೇಯಿಸಿದ ಹಂದಿಮಾಂಸ, ಹೊಸ ಕಿಮ್ಚಿ. ನನಗೂ ಮಗಳಿಗೂ ಬಿಸಿ ತೋಫು, ಜೊತೆಗೆ ನೀಲಿ ಬಟ್ಟೆಯ ಭರಣಿಯದು. ಬೀಗಿತ್ತಿಯವರು ಎಲೆಯೊಂದನ್ನು ಸುರುಳಿ ಸುತ್ತಿ ಕೈಯಾರೆ ಕೊಟ್ಟರು, ತಿಂದೆ. ಬಳಿಕ ನನ್ನ ಬಾಟಲಿಯನ್ನು ಅವರ ಮುಂದೆ ಸರಿಸಿದೆ. ಒಂದು ಮಿಡಿಯನ್ನು ಕಚ್ಚಿ, ಬಹಳ ಹೊತ್ತು ಸುಮ್ಮನಿದ್ದು, “ಸೋನ್‌ಮತ್” ಎಂದರು. ‘ಸೋನ್’ ಎಂದರೆ ಕೈ, ‘ಮತ್’ ಎಂದರೆ ರುಚಿ. ಮಗಳು ಅನುವಾದಿಸಬೇಕಾಗಲಿಲ್ಲ. ಹೇಗೆ ಮಾಡುವುದೆಂದು ಅವರು ಕೇಳಿದಾಗ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ನಲವತ್ತು ವರ್ಷ ಉಂಡಿದ್ದೆ. ಒಮ್ಮೆಯೂ ಕೇಳಿ ಬರೆದುಕೊಂಡಿರಲಿಲ್ಲ. ಬಾಟಲಿಯನ್ನು ಅವರ ಬಳಿಯೇ ಬಿಟ್ಟುಬಂದೆ.

ಈ ಬಾರಿ ಹಾಗಾಗದಿರಲೆಂದು ನೋಡಿದ್ದನ್ನೆಲ್ಲ ಬರೆದುಕೊಂಡೆ. ತಂಗೀ, ನಿನಗಾಗಿ ಇಲ್ಲಿದೆ. ಎರಡು ಕಿಲೋ ಚೀನೀ ಎಲೆಕೋಸಿಗೆ ಸುಮಾರು 200 ಗ್ರಾಂ ಕಲ್ಲುಪ್ಪು. ಬಿಳಿಯ ದಂಟು ಮುರಿಯದೆ ಬಾಗುವವರೆಗೆ, ಆರೆಂಟು ಗಂಟೆ ಬಿಟ್ಟು, ಮೂರು ಸಲ ತೊಳೆದು ನೀರು ಬಸಿ. ಒಣ ಅಣಬೆ ಮತ್ತು ‘ದಾಶಿಮಾ’ ಎಂಬ ಒಣಗಿದ ಕಡಲಪಾಚಿಯನ್ನು ಕುದಿಸಿ ಸೋಸಿದ ನೀರಿನಲ್ಲಿ ಎರಡು ಚಮಚ ಅಕ್ಕಿಹಿಟ್ಟಿನ ಗಂಜಿ ಕಾಸಿ ಆರಿಸು. ಅದಕ್ಕೆ ತರಿತರಿಯಾದ ಮೆಣಸಿನಪುಡಿ (ನಮ್ಮ ಬ್ಯಾಡಗಿ ಮೆಣಸಿನ ಬೀಜ ತೆಗೆದು ಪುಡಿಮಾಡಿದರೆ ಬಣ್ಣ ಚೆನ್ನಾಗಿ ಬರುತ್ತದೆ), ಶುಂಠಿ, ಎಳೆಎಳೆಯಾಗಿ ಹೆಚ್ಚಿದ ಮೂಲಂಗಿ, ಮೂರು ಚಮಚ ಸೋಯಾ ಸಾಸ್ ಬೆರೆಸು. ಭಿಕ್ಷುಣಿಯರು ಬೆಳ್ಳುಳ್ಳಿ, ಈರುಳ್ಳಿ ಹಾಕುವುದಿಲ್ಲ. ನೀನು ಬೇಕಾದರೆ ಹಾಕು. ಎಲೆಯೆಲೆಗೂ ಸವರಿ ಭರಣಿಯಲ್ಲಿ ಒತ್ತಿ ತುಂಬು; ಅನಿಲ ಏಳುವುದರಿಂದ ಕಂಠದವರೆಗೆ ಬೇಡ. ನಮ್ಮ ಸೆಖೆಗೆ ಹೊರಗೆ ಒಂದು ದಿನ ಸಾಕು, ಆಮೇಲೆ ಫ್ರಿಜ್ಜು. ಇದನ್ನು ಹುಳಿಸಲು ಆರಂಭಿಸುವ ಲ್ಯೂಕೋನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ನಿನ್ನ ಇಡ್ಲಿಹಿಟ್ಟನ್ನು ಉಬ್ಬಿಸುವುದೂ ಹೌದು. ಆದ್ದರಿಂದ ಪರಕೀಯವೆಂದು ಹೆದರಬೇಡ.

ಇನ್ನೊಂದು ಮಾತು. ನಿಮ್ಮ ಮನೆಯ ಹಿರಿಯರು ಇದ್ದಾಗಲೇ ಉಪ್ಪಿನಕಾಯಿಯ ಹದ ಕೇಳಿ ಬರೆದಿಟ್ಟುಕೊಳ್ಳಿ. “ತಕ್ಕಷ್ಟು” ಎಂದರೆ, ಪಕ್ಕದಲ್ಲಿ ಕುಳಿತು ಅವರ ಕೈಯನ್ನು ನೋಡಿ.