ಇಳಿವಯಸ್ಸಿನ ವಿದ್ಯಾರ್ಥಿ

ಹುಕ್ಕೇರಿ ತಾಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷ ಸಂಸ್ಕೃತವನ್ನು ಬೋಧಿಸಿ, "ಅಂದಿನ ಪಾಠವನ್ನು ಅಂದೇ ಮಾಡಿರಿ" ಎಂದು ಬಾಲಕರನ್ನು ಗದರಿಸಿದವನು ನಾನು. ನಿವೃತ್ತನಾಗಿ ಗೋಕಾಕದಲ್ಲಿ ನೆಲೆಸಿದ ಮೇಲೆ ಆ ಮಾತು ನನ್ನ ಕಡೆಗೇ ತಿರುಗೀತೆಂದು ಎಣಿಸಿರಲಿಲ್ಲ.

ಮೂಡಲಗಿಯಲ್ಲಿರುವ ನನ್ನ ಮಗಳು, ಉದ್ಯೋಗಕ್ಕೆ ಅನುಕೂಲವಾದೀತೆಂದು, ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ 'ಸ್ವಯಂ' ಜಾಲತಾಣದಲ್ಲಿ ಐ.ಐ.ಟಿ. ಆಚಾರ್ಯರು ಕಲಿಸುವ ಪೈಥಾನ್ ಎಂಬ ಗಣಕಭಾಷೆಯ ಹನ್ನೆರಡು ವಾರಗಳ ವ್ಯಾಸಂಗಕ್ಕೆ ಹೆಸರು ಕೊಟ್ಟಳು. "ಅಪ್ಪಾ, ನೀವೂ ಹೆಸರು ಹಚ್ಚರಿ, ನನಗ ಜೋಡಿ ಆಗ್ತದ" ಎಂದಳು. ಪಾಣಿನಿಯ ಸೂತ್ರಗಳನ್ನು ಕಲಿತವನಿಗೆ ಇದೇನು ಮಹಾ ಎಂದು ಒಪ್ಪಿದೆನು.

ವಾರವಾರದ ಅಭ್ಯಾಸಗಳನ್ನು ಉದಾಸೀನಮಾಡಿ, ಕೊನೆಯ ಮೂರನ್ನು ಮಾತ್ರ ಒಪ್ಪಿಸಿದೆನು. ಮಗಳಾದರೋ ಮಕ್ಕಳು ಮಲಗಿದ ಮೇಲೆ ದಿನವೂ ಒಂದು ತಾಸು ಕುಳಿತು, ಪ್ರತಿಯೊಂದನ್ನೂ ಮೊದಲು ಕಾಗದದ ಮೇಲೆ ಬಿಡಿಸಿ, ಆಮೇಲೆ ಯಂತ್ರದಲ್ಲಿ ಮಾಡುತ್ತಿದ್ದಳು. ಬೆಳಗಾವಿಯಲ್ಲಿ ಬರೆದ ಪರೀಕ್ಷೆಯಲ್ಲಿ ಹೆಚ್ಚು ಅಂಕ ನನಗೆ, ಪ್ರಮಾಣಪತ್ರ ಅವಳಿಗೆ! ಪರೀಕ್ಷೆಯ 75ರಲ್ಲಿ 30, ಅಭ್ಯಾಸದ 25ರಲ್ಲಿ 10, ಎರಡೂ ಬಂದರೆ ಮಾತ್ರ ತೇರ್ಗಡೆ. ಅಭ್ಯಾಸದ ಅಂಕವನ್ನು ಹನ್ನೆರಡರಲ್ಲಿ ಉತ್ತಮವಾದ ಎಂಟರ ಸರಾಸರಿಯಿಂದ ಎಣಿಸುವರು. ಅದರೊಳಗೆ ಸೇರಿದ ಐದು ಸೊನ್ನೆಗಳು ನನ್ನನ್ನು ಮುಳುಗಿಸಿದವು.

ಮಗಳು ನಗಲಿಲ್ಲ. "ಇನ್ನೊಮ್ಮೆ ಕೂಡ್ರಿ, ನಾ ನೆನಪ ಮಾಡ್ತೀನಿ" ಎಂದಳು. ಎರಡನೆಯ ಸಲ ಪ್ರತಿ ರಾತ್ರಿ ಒಂಬತ್ತಕ್ಕೆ ಅವಳ ಕರೆ ಬರುತ್ತಿತ್ತು. ನಾನು ವಿಧೇಯ ಬಾಲಕನಂತೆ ಅಂದಿನ ಪಾಠವನ್ನು ಒಪ್ಪಿಸುತ್ತಿದ್ದೆನು. ಪ್ರಮಾಣಪತ್ರವು ಕೈಸೇರಿತು.

ವಾಚಕರೇ, ಇಂತಹ ವ್ಯಾಸಂಗಗಳಲ್ಲಿ ಬೆತ್ತ ಹಿಡಿದ ಗುರುವಿಲ್ಲ. ಆದುದರಿಂದ ಗೊತ್ತಾದ ಒಂದು ವೇಳೆಯನ್ನೂ, ವಿಚಾರಿಸುವ ಒಬ್ಬ ಆಪ್ತರನ್ನೂ ಮೊದಲೇ ನಿಶ್ಚಯಿಸಿಕೊಳ್ಳಿರಿ. ನಾನು ಗದರಿಸಿದ ಬಾಲಕರ ಕ್ಷಮೆಯನ್ನೂ ಈಗ ಬೇಡುತ್ತೇನೆ.